ಬೆಲ್ಲಕ್ಕೆ ಸುಣ್ಣ, ಸುಣ್ಣಕ್ಕೆ ಬೆಲ್ಲ: ಒಂದೇ ಚೀಲ ಎಲ್ಲೆಲ್ಲಿಗೆ ಹೋಗುತ್ತೆ?

ಬಾಳೂರು ಕಾಫಿ, ಮೂಡಿಗೆರೆ

ಮೇ ತಿಂಗಳು ಬಂತು ಅಂದರೆ ನಮ್ಮ ಕಡೆ ತೋಟದ ಗೋಡೌನುಗಳಲ್ಲಿ ಸುಣ್ಣದ ಚೀಲ ಸಾಲಾಗಿ ಕೂರುತ್ತವೆ. ಒಂದಷ್ಟು ಬೋರ್ಡೋ ದ್ರಾವಣಕ್ಕೆ (ಅಡಿಕೆ ಕೊಳೆರೋಗ, ಕಾಫಿ ಎಲೆ ತುಕ್ಕಿಗೆ ಹೊಡೆಯೋ ಔಷಧಿ), ಒಂದಷ್ಟು ಅರೇಬಿಕಾ ಕಾಂಡಕ್ಕೆ ಬಳಿಯೋಕೆ, ಒಂದಷ್ಟು ಗಿಡದ ಬುಡಕ್ಕೆ, ಮಿಕ್ಕಿದ್ದು ಡಿಸೆಂಬರಿನಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಯಂತ್ರ) ನೀರಿನ ಗುಂಡಿಗೆ. ಇದೇ ವಸ್ತು ಎಲೆಯಡಿಕೆ ತಟ್ಟೆಯಲ್ಲಿದೆ, ಚನ್ನರಾಯಪಟ್ಟಣದ ಆಲೆಮನೆಯಲ್ಲಿದೆ, ಹಳೇ ತೊಟ್ಟಿಮನೆ ಗೋಡೆಯಲ್ಲಿದೆ, ಮದುಮಕ್ಕಳಿಗೆ ಎತ್ತುವ ಆರತಿಯ ಕೆಂಪು ನೀರಿನಲ್ಲೂ ಇದೆ.

ಒಂದೊಂದು ಕಸುಬಿನವರ ಹತ್ತಿರ ಸುಣ್ಣ ಪರೀಕ್ಷೆ ಮಾಡೋ ಒಂದೊಂದು ಉಪಾಯ ಇರುತ್ತೆ, ಪಕ್ಕದ ಕಸುಬಿನವರಿಗೆ ಅದರ ಸುಳಿವೇ ಇರಲ್ಲ. ನಿಮ್ಮ ಕೆಲಸದಲ್ಲಿ ಸುಣ್ಣ ಏನು ಮಾಡುತ್ತೆ, ಎಷ್ಟು ಹಾಕ್ತೀರ, ಎಲ್ಲಿ ಕೈಕೊಡುತ್ತೆ, ಯಾಕೆ ಅಂತ ಬರೀರಿ. ಮೊದಲ ಪ್ರಶ್ನೆ ನಂದೇ: ಶೇ. 1ರ ಬೋರ್ಡೋಗೆ 1 ಕೆ.ಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ ಸುಣ್ಣ, 100 ಲೀಟರ್ ನೀರು. ಎರಡೂ ಸರಿಸಮ ಯಾಕೆ?

ಕೊಪ್ಪದ ಅಡಿಕೆ

ಯಾಕೆ ಅನ್ನೋದನ್ನ ಹಾಸನದ ಕೆಮಿಸ್ಟ್ರಿ ಮೇಡಂ ಹೇಳಲಿ, ಹೇಗೆ ಅನ್ನೋದನ್ನ ನಾನು ಹೇಳ್ತೀನಿ. ಅರ್ಧ ತೋಟದಲ್ಲಿ ತಪ್ಪೋದು ಬೆರೆಸೋ ಕ್ರಮದಲ್ಲೇ.

ಮೈಲುತುತ್ತ ಹಿಂದಿನ ರಾತ್ರಿಯೇ ನೆನೆಯಬೇಕು. ಡ್ರಮ್ಮಿನ ತಳಕ್ಕೆ ಸುರಿದುಬಿಟ್ಟರೆ ಬೆಳಗ್ಗೆ ಅಲ್ಲೇ ಹೆಪ್ಪಾಗಿ ಕೂತಿರುತ್ತೆ. ಕರಗಿದ ನೀರು ತೂಕ ಹೆಚ್ಚಾಗಿ ತಳದಲ್ಲೇ ನಿಲ್ಲುತ್ತೆ, ಹರಳಿನ ಸುತ್ತ ಹೊಸ ನೀರು ಬರೋದೇ ಇಲ್ಲ. ಬಟ್ಟೆಯಲ್ಲಿ ಗಂಟು ಕಟ್ಟಿ, ಕೋಲಿಗೆ ತೂಗುಹಾಕಿ, ಗಂಟು ನೀರಿನ ಮೇಲ್ಭಾಗದಲ್ಲಿ ಮುಳುಗೋ ಹಾಗೆ ಬಿಡಿ. ಕರಗಿದ್ದು ತಾನಾಗಿ ಕೆಳಗಿಳಿಯುತ್ತೆ, ತಿಳಿ ನೀರು ಮೇಲೆ ಬರುತ್ತೆ, ಕಲಕೋ ಕೆಲಸವೇ ಇಲ್ಲ. 50 ಲೀಟರಿಗೆ 1 ಕೆ.ಜಿ.

ಸುಣ್ಣ ಇನ್ನೊಂದು ಡ್ರಮ್ಮಿನಲ್ಲಿ. ಮೊದಲು ಸ್ವಲ್ಪ ನೀರಲ್ಲಿ ಅರಳಿಸಿ, ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, 50 ಲೀಟರ್ ಮಾಡಿಕೊಳ್ಳಿ. ಆಮೇಲೆ ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಹಾಕ್ತಾ ಕಲಕಬೇಕು. ಇಲ್ಲಾಂದ್ರೆ ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಸುರೀಬೇಕು. ಸುಣ್ಣವನ್ನ ತಗೊಂಡು ಮೈಲುತುತ್ತಕ್ಕೆ ಹಾಕಿದರೆ ಕಣ ದಪ್ಪಗಾಗುತ್ತೆ, ಬೇಗ ತಳ ಸೇರುತ್ತೆ, ನಾಜಲ್ ಕಟ್ಟುತ್ತೆ, ಗೊನೆಗೆ ಅಂಟೋದೂ ಇಲ್ಲ. ಡ್ರಮ್ ಪ್ಲಾಸ್ಟಿಕ್ಕೇ ಆಗಬೇಕು. ಕಬ್ಬಿಣದ ಪೀಪಾಯಿ, ಜಿಂಕ್ ಬಕೆಟ್ಟು ಬೇಡವೇ ಬೇಡ.

ಕೊನೆಗೆ ಕತ್ತಿ ಪರೀಕ್ಷೆ. ಕಬ್ಬಿಣದ ಕತ್ತೀನ ಒಂದು ನಿಮಿಷ ಅದ್ದಿ ತೆಗೀರಿ. ಕೆಂಪು ಲೇಪ ಬಂದರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಲೆ ಸುಡುತ್ತೆ, ಇನ್ನಷ್ಟು ಸುಣ್ಣದ ನೀರು ಬೇಕು. ಅಡಿಕೆಗೆ ಮುಂಗಾರು ಹಿಡಿಯೋ ಮುಂಚೆ ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ, ಮಳೆ ಜಗ್ಗದಿದ್ದರೆ ಮೂರನೇದು. ಕಾಫಿ ಎಲೆ ತುಕ್ಕಿಗೆ ಶೇ. 0.5 ಸಾಕು, ಅಂದರೆ ಎರಡೂ ಅರ್ಧರ್ಧ ಕೆ.ಜಿ.

ಕೆಮಿಸ್ಟ್ರಿ ಮೇಡಂ, ಹಾಸನ

ಕತ್ತಿ ಪರೀಕ್ಷೆಗೆ ಒಂದು ತಿದ್ದುಪಡಿ. ಅಡುಗೆಮನೆಯ ಸ್ಟೀಲ್ ಚಾಕು ಅದ್ದಿ "ಕೆಂಪು ಬರಲಿಲ್ಲ, ಸರಿಯಾಗಿದೆ" ಅನ್ನುವವರಿದ್ದಾರೆ. ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಇರುತ್ತದೆ, ತಾಮ್ರಕ್ಕೂ ಕಬ್ಬಿಣಕ್ಕೂ ಮುಖಾಮುಖಿಯೇ ಆಗುವುದಿಲ್ಲ. ತುಕ್ಕು ಹಿಡಿಯುವ ಜಾತಿಯ ಕಬ್ಬಿಣವೇ ಬೇಕು: ಕುಡುಗೋಲು, ಹಳೇ ಕತ್ತಿ, ಸಾದಾ ಮೊಳೆ. ಉಪ್ಪುಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ ಅದ್ದಿ. ಎಣ್ಣೆ ಸವರಿದ ಕತ್ತಿಯೂ ಸುಳ್ಳು ಹೇಳುತ್ತದೆ.

ಈಗ ಸರಿಸಮದ ಲೆಕ್ಕ. ಮೈಲುತುತ್ತದ ಅಣುತೂಕ ಸುಮಾರು 250, ಸುಟ್ಟ ಸುಣ್ಣದ್ದು 56. ಒಂದಕ್ಕೆ ಒಂದು ಸೇರಿದರೆ 1 ಕೆ.ಜಿ ಮೈಲುತುತ್ತಕ್ಕೆ ಶುದ್ಧ ಸುಟ್ಟ ಸುಣ್ಣ ಸುಮಾರು 225 ಗ್ರಾಂ ಸಾಕು. ಅರಳಿದ ಸುಣ್ಣವಾದರೆ ಸುಮಾರು 300 ಗ್ರಾಂ. ಅಂದರೆ 1 ಕೆ.ಜಿ ಅನ್ನುವುದು ಮೂರು ನಾಲ್ಕು ಪಟ್ಟು. ಅಂಗಡಿಯ ಸುಣ್ಣದಲ್ಲಿ ಅರ್ಧಕ್ಕರ್ಧ ಸತ್ತಿದ್ದರೂ ಎಲೆ ಸುಡಬಾರದು, ಆ ಭದ್ರತೆಗೆ ಇಟ್ಟ ಅಳತೆ ಅದು. ಹಾಗಂತ ಲೆಕ್ಕ ನಂಬಿ ಕಾಲು ಕೆ.ಜಿ ಹಾಕಿ ಕೂರಬೇಡಿ. ನಿಮ್ಮ ಚೀಲದಲ್ಲಿ ಜೀವ ಎಷ್ಟಿದೆ ಎಂದು ಗೊತ್ತಿಲ್ಲದೆ 225ರ ಲೆಕ್ಕಕ್ಕೆ ಬೆಲೆಯಿಲ್ಲ.

ಸುಣ್ಣ ಸಾಯುವುದು ಹೇಗೆಂದರೆ, ಕಲ್ಲನ್ನು 900 ಡಿಗ್ರಿ ಹತ್ತಿರ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ ಸುಟ್ಟ ಸುಣ್ಣ ಆಗುತ್ತದೆ. ಚೀಲ ತೆರೆದಿಟ್ಟರೆ ಮೊದಲು ತೇವ ಕುಡಿದು ಅರಳುತ್ತದೆ, ಆಮೇಲೆ ಗಾಳಿಯಿಂದ ಅದೇ ಅನಿಲವನ್ನು ಎಳೆದುಕೊಂಡು ಮತ್ತೆ ಕಲ್ಲಿನ ಪುಡಿ ಆಗುತ್ತದೆ. ನೋಡುವುದಕ್ಕೆ ಎರಡೂ ಬಿಳಿ.

ಗಾರೆ ಕೆಲಸ, ಬೇಲೂರು

ಸತ್ತ ಸುಣ್ಣ ಕಂಡುಹಿಡಿಯೋದು ನಮ್ಮಲ್ಲಿ ಮೊದಲ ಪಾಠ ಮೇಡಂ. ಸ್ಟೀಲ್ ಲೋಟದಲ್ಲಿ ಒಂದು ಹಿಡಿ ಸುಣ್ಣದ ಹೆಂಟೆ, ಅದು ಮುಳುಗೋಷ್ಟು ನೀರು. ಐದು ಹತ್ತು ನಿಮಿಷದಲ್ಲಿ ಲೋಟ ಕೈಯಲ್ಲಿ ಹಿಡಿಯೋಕಾಗದಷ್ಟು ಬಿಸಿಯಾಗಿ, ಹೆಂಟೆ ಬಿರಿದು ಉಬ್ಬಬೇಕು. ಬೆಚ್ಚಗೂ ಆಗಲಿಲ್ಲ ಅಂದರೆ ಒಂದೋ ಆಗಲೇ ಅರಳಿರೋ ಪುಡಿ, ಇಲ್ಲ ಸತ್ತಿದ್ದು. ಯಾವುದು ಅಂತ ನೋಡೋಕೆ ಎರಡು ಹನಿ ನಿಂಬೆರಸ. ಬುಸಬುಸ ಅಂತ ನೊರೆ ಬಂದರೆ ಸತ್ತಿದೆ. ಹೆಚ್ಚು ನೊರೆ ಇಲ್ಲದೆ ಕರಗಿದರೆ ಇನ್ನೂ ಕೆಲಸಕ್ಕೆ ಬರುತ್ತೆ.

ಕಾಫಿಯವರು, ಅಡಿಕೆಯವರು ಈ ಲೋಟದ ಪರೀಕ್ಷೆಯನ್ನ ಅಂಗಡಿ ಮುಂದೆಯೇ ಮಾಡಬಹುದು. ಒಂದೇ ಮಾತು: ಸುಣ್ಣ ಅರಳಿಸುವಾಗ ನೀರಿಗೆ ಸುಣ್ಣ ಹಾಕಿ, ರಾಶಿ ಸುಣ್ಣದ ಮೇಲೆ ನೀರು ಸುರಿಯಬೇಡಿ, ಕುದ್ದು ಮುಖಕ್ಕೆ ಹಾರುತ್ತೆ. ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗಿ ಕೈಕೊಡುತ್ತೆ. ಡ್ರಮ್ಮಿಗೆ ಹೋಗೋದು ತಣ್ಣಗಾದ ಮೇಲೇ.

ಬಾಳೂರು ಕಾಫಿ, ಮೂಡಿಗೆರೆ

ಈ ಎರಡು ಪರೀಕ್ಷೆಗೇ ಚರ್ಚೆ ಸಾರ್ಥಕ ಆಯ್ತು. ಇನ್ನೊಂದು ಕೇಳ್ತೀನಿ: ಕತ್ತಿ ಪರೀಕ್ಷೆ ಸುಣ್ಣ ಕಮ್ಮಿ ಆಗಿದ್ದನ್ನ ಹೇಳುತ್ತೆ. ಜಾಸ್ತಿ ಆಗಿದ್ದನ್ನ ಹೇಳೋದು ಯಾವುದು? ಲಿಟ್ಮಸ್ ಕಾಗದ ನಮ್ಮ ಕಡೆ ಅಂಗಡಿಯಲ್ಲಿ ಸಿಗಲ್ಲ.

ಅಡುಗೆಮನೆ, ಅರಸೀಕೆರೆ

ಆರತಿ ತಟ್ಟೆಯಲ್ಲೇ ಇದೆಯಲ್ಲಾ ಅಣ್ಣ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತೆ. ಬಿಳಿ ಹತ್ತಿ ಬಟ್ಟೆ ಚೂರಿಗೆ ಅರಿಶಿನದ ಗಟ್ಟಿ ನೀರು ಸವರಿ ನೆರಳಲ್ಲಿ ಒಣಗಿಸಿ ಇಟ್ಟುಕೊಂಡರೆ ಅದೇ ಲಿಟ್ಮಸ್ಸು. ಬಿಸಿಲಿಗೆ ಹಾಕಬೇಡಿ, ಅರಿಶಿನದ ಬಣ್ಣ ಬಿಸಿಲಿಗೆ ಹಾರಿಹೋಗುತ್ತೆ.

ಕೆಮಿಸ್ಟ್ರಿ ಮೇಡಂ, ಹಾಸನ

ಸರಿಯಾದ ಉತ್ತರ, ಆದರೆ ಮಿತಿ ತಿಳಿದು ಬಳಸಬೇಕು. ಅರಿಶಿನ ಕೆಂಪಿಗೆ ತಿರುಗುವುದು ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ಸಮ) 8ರ ಆಸುಪಾಸಿನಿಂದ ಮೇಲೆ. ಅದರ ಕೆಳಗೆ ಹುಳಿಯಿದ್ದರೂ ಹಳದಿ, ಸಮವಾಗಿದ್ದರೂ ಹಳದಿ. ಹಾಗಾಗಿ ಬೋರ್ಡೋಗೆ ಎರಡೂ ಪರೀಕ್ಷೆ ಬೇಕು: ಕತ್ತಿ ಕೆಂಪಾಗಬಾರದು, ಅರಿಶಿನದ ಬಟ್ಟೆ ಕಡುಗೆಂಪಾಗಬಾರದು. ತೆಳುವಾಗಿ ಕಂದಿದರೆ ಚಿಂತೆಯಿಲ್ಲ. ದ್ರಾವಣದ ನೀಲಿ ಕಣ್ಣು ತಪ್ಪಿಸುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮೇಲಿನ ತಿಳಿಯಲ್ಲಿ ಅದ್ದಿ.

ಹುಳಿ, ಸಮ, ಕ್ಷಾರ ಮೂರನ್ನೂ ಒಂದರಲ್ಲೇ ನೋಡಬೇಕಾದರೆ ಬೇಲಿಯ ಕೆಂಪು ದಾಸವಾಳ. ನಾಲ್ಕೈದು ಹೂವಿನ ಎಸಳನ್ನು ಒಂದು ಲೋಟ ಬಿಸಿನೀರಿನಲ್ಲಿ ಹಾಕಿ ಬಣ್ಣ ಬಿಡಿಸಿ. ಹುಳಿಗೆ ಗುಲಾಬಿ, ಕ್ಷಾರಕ್ಕೆ ಹಸಿರು, ನಡುವೆ ನೇರಳೆ ಛಾಯೆ. ಅದೇ ದಿನ ಬಳಸಬೇಕು, ಮಾರನೇ ದಿನಕ್ಕೆ ಬಣ್ಣ ಸಾಯುತ್ತದೆ.

ಎಲೆಯಡಿಕೆಯ ಕೆಂಪಿಗೂ ಆರತಿಯ ಕೆಂಪಿಗೂ ಕಾರಣ ಒಂದೇ ಅನ್ನಬೇಡಿ. ಎರಡನ್ನೂ ಸುಣ್ಣವೇ ಎಬ್ಬಿಸುತ್ತದೆ ನಿಜ, ಆದರೆ ಬಾಯಲ್ಲಿ ಬಣ್ಣ ಬಿಡುವುದು ಅಡಿಕೆಯ ಟ್ಯಾನಿನ್ ಎಂಬ ಚೊಗರು, ತಟ್ಟೆಯಲ್ಲಿ ಅರಿಶಿನದ ಕರ್ಕ್ಯುಮಿನ್. ಸಂದರ್ಭ ಬಂತೆಂದು ಹೇಳಿಬಿಡುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು 2004ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಕೊಪ್ಪದ ಅಡಿಕೆ

ಮೇಡಂ, ಅಡಿಕೆಯವರ ಎದುರಿಗೇ ಹೇಳಿಬಿಟ್ಟಿರಿ. ಇರಲಿ, ಮಾತು ಸುಳ್ಳಲ್ಲ.

ಟ್ಯಾನಿನ್ ಅಂದಿರಲ್ಲ, ಅದರದ್ದೇ ಇನ್ನೊಂದು ಬಾಲ ಇದೆ. ಅಡಿಕೆ ಬೇಯಿಸೋ ಹಂಡೆ ಕಬ್ಬಿಣದ್ದಾದರೆ ಅಡಿಕೆಯ ಕೆಂಪು ಹೋಗಿ ಕಪ್ಪು ತಿರುಗುತ್ತೆ. ಬಾಳೆಕಾಯಿ, ಬಾಳೆಹೂವನ್ನ ಕಬ್ಬಿಣದ ಮೆಟ್ಟುಗತ್ತಿಯಲ್ಲಿ ಹೆಚ್ಚಿದರೆ ಕೈಯೂ ಕಪ್ಪು, ಕತ್ತಿಯೂ ಕಪ್ಪು. ಟ್ಯಾನಿನ್ನಿಗೆ ಕಬ್ಬಿಣ ಸೇರಿದರೆ ಶಾಯಿ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಹಾಕಿ ಶಾಯಿ ಮಾಡ್ತಿದ್ದದ್ದೂ ಇದೇ ಲೆಕ್ಕ. ಬಾಳೆಹೂವನ್ನ ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕೋದು ಅದು ಕಪ್ಪಾಗೋ ವೇಗ ತಗ್ಗಿಸೋಕೆ.

ಆಲೆಮನೆ, ಚನ್ನರಾಯಪಟ್ಟಣ

ನಮ್ಮ ಸರದಿ. ಕಬ್ಬಿನ ಹಾಲು ಹಿಂಡಿದಾಗ ಪಿಎಚ್ 5.2–5.4 ಹತ್ತಿರ ಇರುತ್ತೆ, ಹುಳಿ. ಆ ಹುಳಿಯಲ್ಲೇ ಕುದಿಸಿದರೆ ಸಕ್ಕರೆ ಒಡೆದು ಗ್ಲೂಕೋಸು, ಫ್ರಕ್ಟೋಸು ಆಗುತ್ತೆ. ಬೆಲ್ಲ ಅಚ್ಚಿನಲ್ಲಿ ನಿಲ್ಲಲ್ಲ, ಮಳೆಗಾಲದಲ್ಲಿ ನೀರೊಡೆಯುತ್ತೆ. ಅದಕ್ಕೆ ತಿಳಿ ಸುಣ್ಣದ ಹಾಲು ಸ್ವಲ್ಪಸ್ವಲ್ಪವೇ ಹಾಕಿ 6ರ ಮೇಲಕ್ಕೆ ತರೋದು. ಸುಣ್ಣ ಹುಳಿ ಮುರಿಯೋದಷ್ಟೇ ಅಲ್ಲ, ಹಾಲಿನಲ್ಲಿರೋ ಕಸರನ್ನ ಗಟ್ಟಿ ಕಟ್ಟಿಸಿ ನೊರೆಯಾಗಿ ಮೇಲೆ ತರುತ್ತೆ. ಜೊತೆಗೆ ಬೆಂಡೆ ಗಿಡದ ಕಾಂಡ ಜಜ್ಜಿ ನೆನೆಸಿದ ಲೋಳೆ. ಕುದಿ ಹತ್ತೋ ಮುಂಚೆ ನೊರೆ ತೆಗೆದುಬಿಡಬೇಕು, ಕುದಿ ಬಂದಮೇಲೆ ಒಡೆದು ಹಾಲಿಗೇ ಸೇರುತ್ತೆ.

ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪು. ಆಗಲೇ ಒಡೆದಿರೋ ಗ್ಲೂಕೋಸನ್ನ ಕ್ಷಾರ ಸುಟ್ಟು ಕಂದಿಸುತ್ತೆ, ರುಚಿಯಲ್ಲೂ ಉಪ್ಪುಪ್ಪು ಚೊಗರು ಬರುತ್ತೆ. ಕಮ್ಮಿಯಾದರೆ ಅಂಟುಬೆಲ್ಲ, ಹೆಚ್ಚಾದರೆ ಕರಿಬೆಲ್ಲ. ಕಡಿದು ಎರಡು ದಿನ ಬಿಸಿಲಲ್ಲಿ ಬಿದ್ದ ಕಬ್ಬಿನಲ್ಲಿ ಸಕ್ಕರೆ ಮೊದಲೇ ಒಡೆದಿರುತ್ತೆ, ಅದಕ್ಕೆ ಎಷ್ಟು ಸುಣ್ಣ ಹಾಕಿದರೂ ಒಳ್ಳೇ ಅಚ್ಚು ಬರಲ್ಲ. ಆ ತಪ್ಪು ಸುಣ್ಣದ್ದಲ್ಲ, ಗದ್ದೆಯದ್ದು. ಪಾಕ ಇಳಿಸೋದು 116ರಿಂದ 120 ಡಿಗ್ರಿ ನಡುವೆ.

ಮೇಡಂ ಹೇಳಿದ ಅರಿಶಿನದ ಬಟ್ಟೆ ನಮಗೆ ಬರಲ್ಲ. ಅದು ಕೆಂಪಾಗೋ ಹೊತ್ತಿಗೆ ಬೆಲ್ಲ ಕೆಟ್ಟಾಗಿರುತ್ತೆ.

ಗಾರೆ ಕೆಲಸ, ಬೇಲೂರು

ಬೆಲ್ಲಕ್ಕೆ ನೀವು ಸುಣ್ಣ ಹಾಕ್ತೀರ, ಸುಣ್ಣಕ್ಕೆ ನಾವು ಬೆಲ್ಲ ಹಾಕ್ತೀವಿ. ಗಾರೆಗೆ ತೆಳು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸೋದು ಹಳೇ ಪದ್ಧತಿ. ಕರಣೆ ಜಾರುತ್ತೆ, ಗಾರೆ ಬೇಗ ಒಣಗಿ ಬಿರಿಯಲ್ಲ. ವಾರಗಟ್ಟಲೆ ನೀರಲ್ಲಿ ನೆನೆದ ಸುಣ್ಣ ಒಂದು ಪಾಲು, ಮರಳು ಎರಡರಿಂದ ಮೂರು ಪಾಲು. ತೇವದ ಜಾಗಕ್ಕೆ ಮರಳಿನಲ್ಲಿ ಒಂದು ಭಾಗ ಕಮ್ಮಿ ಮಾಡಿ ನುಣ್ಣನೆ ಇಟ್ಟಿಗೆ ಪುಡಿ. ಮೊದಲು ಗೋಡೆ ಚೆನ್ನಾಗಿ ನೆನೆಸಿ, ಒಂದು ಸಲಕ್ಕೆ 10–12 ಮಿ.ಮೀ ದಪ್ಪಕ್ಕಿಂತ ಹೆಚ್ಚು ಮೆತ್ತಬೇಡಿ. ಆಮೇಲೆ ದಿನಾ ತುಂತುರು ನೀರು. ಒಣಗಿದರೆ ಗಾರೆ ಗಟ್ಟಿಯಾಗಲ್ಲ, ಬರೀ ಒಣಗುತ್ತೆ, ಉಜ್ಜಿದರೆ ಪುಡಿ ಉದುರುತ್ತೆ. ಗಾಳಿಯ ಅನಿಲ ಎಳೆದುಕೊಳ್ಳೋಕೆ ತೇವ ಬೇಕೇ ಬೇಕು.

ಬೆಲ್ಲ ಜಾಸ್ತಿ ಆದರೆ ಗಾರೆ ಮೆತ್ತಗೇ ಉಳಿಯುತ್ತೆ, ಇರುವೆ ಮುತ್ತುತ್ತೆ.

ಹಳೇ ಸುಣ್ಣದ ಗೋಡೆ ರಿಪೇರಿಗೆ ಸಿಮೆಂಟ್ ಮೆತ್ತೋದು, ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿಯೋದು ಇತ್ತೀಚಿನ ಚಾಳಿ. ಒಳಗಿನ ತೇವ ಹೊರಗೆ ಬರೋಕೆ ದಾರಿಯಿಲ್ಲದೆ ಎರಡು ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತೆ. ಆಮೇಲೆ ಸುಣ್ಣವನ್ನೇ ಬೈತಾರೆ.

ಕೆಮಿಸ್ಟ್ರಿ ಮೇಡಂ, ಹಾಸನ

ಬೆಲ್ಲದ ಕೆಲಸ ಏನೆಂದರೆ: ಸುಣ್ಣ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಲೀಟರಿಗೆ ಹೆಚ್ಚುಕಡಿಮೆ 1.7 ಗ್ರಾಂ. ಬಿಸಿ ಮಾಡಿದರೆ ಇನ್ನೂ ಕಡಿಮೆ, ಉಪ್ಪು ಸಕ್ಕರೆಗೆ ತದ್ವಿರುದ್ಧ. ಸಕ್ಕರೆ ಇದ್ದರೆ ಅದು ಸುಣ್ಣವನ್ನು ಹಿಡಿದುಕೊಂಡು ಇನ್ನಷ್ಟು ಕರಗಿಸುತ್ತದೆ. ಗಾರೆ ಜಾರುವುದರ ಹಿಂದೆ ಇದೂ ಇದೆ.

ಇದೇ ಹಿಡಿತ ಬೋರ್ಡೋದಲ್ಲಿ ಉಪಯೋಗಕ್ಕೆ ಬರುತ್ತದೆ. ಬೋರ್ಡೋ ಅದೇ ದಿನ ಹೊಡೆದು ಮುಗಿಸಬೇಕು, ಇಟ್ಟರೆ ಕಣಗಳು ಹರಳುಗಟ್ಟಿ ಎಲೆಗೆ ಅಂಟುವ ಗುಣ ಹೋಗುತ್ತದೆ. ಮಳೆ ಬಂದು ನಿಲ್ಲಿಸಲೇಬೇಕಾದರೆ 100 ಲೀಟರಿಗೆ 100 ಗ್ರಾಂ ಬೆಲ್ಲ ಕರಗಿಸಿ ಹಾಕಿದರೆ ಒಂದು ದಿನ ತಡೆಯುತ್ತದೆ. ಹರಳು ಬೆಳೆಯದಂತೆ ಸಕ್ಕರೆ ಅಡ್ಡ ಬರುತ್ತದೆ.

ಸಿಮೆಂಟಿನಲ್ಲೂ ಅದೇ ಅಡ್ಡಿ, ಆದರೆ ಅಲ್ಲಿ ಅನಾಹುತ. 50 ಕೆ.ಜಿ ಸಿಮೆಂಟಿಗೆ 50 ಗ್ರಾಂ ಸಕ್ಕರೆ ಸೇರಿದರೂ ಗಟ್ಟಿಯಾಗುವುದು ಗಂಟೆಗಟ್ಟಲೆ ಮುಂದಕ್ಕೆ ಹೋಗುತ್ತದೆ. ಬೆಲ್ಲ ತುಂಬಿದ್ದ ಡ್ರಮ್ಮಿನಲ್ಲಿ ಸಿಮೆಂಟಿಗೆ ನೀರು ಹಿಡಿಯಬೇಡಿ.

ಗಾರೆಯವರಿಗೆ ಒಂದು ಉಪಾಯ: ಗಾರೆಯನ್ನು ಒಡೆದು, ಹೊಸದಾಗಿ ಒಡೆದ ಮೈಗೆ ಅರಿಶಿನದ ನೀರು ಸವರಿ. ಕೆಂಪಾದ ಭಾಗ ಇನ್ನೂ ಜೀವಂತ ಸುಣ್ಣ, ಹಳದಿಯಾಗಿಯೇ ಉಳಿದ ಹೊರ ಅಂಚು ಕಲ್ಲಾಗಿದೆ. ಎಂಜಿನಿಯರುಗಳು ಫೀನಾಲ್ಫ್ಥಲೀನ್ (ಕ್ಷಾರಕ್ಕೆ ಬಣ್ಣ ತಿರುಗುವ ರಾಸಾಯನಿಕ) ಹಚ್ಚಿ ಕಾಂಕ್ರೀಟಿನಲ್ಲಿ ನೋಡುವುದೂ ಇದನ್ನೇ. ಅಲ್ಲಿ ಮಾತ್ರ ಅರ್ಥ ಉಲ್ಟಾ: ಬಣ್ಣ ಬಾರದ ಪದರ ಒಳಗಿನ ಕಂಬಿ ಮುಟ್ಟಿದರೆ ಕಂಬಿಗೆ ತುಕ್ಕು ಶುರು.

ಅಡುಗೆಮನೆ, ಅರಸೀಕೆರೆ

ಬೂದುಗುಂಬಳದ ಪೇಠಾಕ್ಕೂ ಸುಣ್ಣದ ತಿಳಿಯೇ. ಒಂದು ಲೀಟರಿಗೆ ಒಂದು ಚಮಚ ಎಲೆಯಡಿಕೆ ಸುಣ್ಣ ಕಲಕಿ ಕೆನೆ ಇಳಿಯೋಕೆ ಬಿಡಿ. ಮೇಲಿನ ತಿಳಿ ಮಾತ್ರ ಬಗ್ಗಿಸಿ, ಚುಚ್ಚಿದ ಕುಂಬಳದ ತುಂಡುಗಳನ್ನ ಕೆಲವು ಗಂಟೆ ನೆನೆಸಿ, ಆಮೇಲೆ ನಾಲ್ಕೈದು ನೀರಲ್ಲಿ ತೊಳೆದು ಬೇಯಿಸಿ ಪಾಕಕ್ಕೆ ಹಾಕಿ. ತುಂಡು ಕರಗಲ್ಲ, ಕಚ್ಚಿದರೆ ಕರುಮ್ ಅನ್ನುತ್ತೆ. ತೊಳೆಯೋದು ಸಾಲದಿದ್ದರೆ ನಾಲಿಗೆ ಉರಿಯುತ್ತೆ.

ಇದನ್ನ ಇಲ್ಲಿ ಹೇಳೋಕೆ ಕಾರಣ ಇದೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ತೊಗರಿಬೇಳೆ ಎಷ್ಟು ಕೂಗಿಸಿದರೂ ಕಾಳು ಕಾಳು. ಮಳೆನೀರಲ್ಲಿ ಅದೇ ಬೇಳೆ ಕರಗಿಹೋಗುತ್ತೆ. ಮೇಡಂ, ಎರಡಕ್ಕೂ ಕಾರಣ ಒಂದೇನಾ?

ಕೆಮಿಸ್ಟ್ರಿ ಮೇಡಂ, ಹಾಸನ

ಒಂದೇ. ತರಕಾರಿ, ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸುವುದು ಪೆಕ್ಟಿನ್. ಕ್ಯಾಲ್ಸಿಯಂ ಹೋಗಿ ಎರಡು ಪೆಕ್ಟಿನ್ ಎಳೆಗಳ ನಡುವೆ ಕೊಂಡಿ ಹಾಕಿದರೆ ಅದು ಬೇಯುವುದಿಲ್ಲ. ಕುಂಬಳಕ್ಕೆ ಬೇಕೆಂದು ಕೊಟ್ಟ ಕ್ಯಾಲ್ಸಿಯಂ ಬೇಳೆಗೆ ನೀರಿನ ಜೊತೆ ಬೇಡದೆ ಬಂತು. ಇಲ್ಲಿ ಸುಣ್ಣದ ಕ್ಷಾರಕ್ಕಲ್ಲ ಕೆಲಸ, ಅದರ ಕ್ಯಾಲ್ಸಿಯಂಗೆ. ಆದ್ದರಿಂದ ಎಲ್ಲವನ್ನೂ "ಸುಣ್ಣ ಕ್ಷಾರ" ಅನ್ನುವ ಒಂದೇ ಗೂಟಕ್ಕೆ ಕಟ್ಟಬೇಡಿ.

ಚಿಟಿಕೆ ಅಡುಗೆ ಸೋಡಾ ಬೇಳೆ ಮೆತ್ತಗಾಗಲು ನೆರವಾಗುತ್ತದೆ, ಹೆಚ್ಚಾದರೆ ಸಾಬೂನಿನ ರುಚಿ. ಹುಣಸೆ ರಸ ಮೊದಲೇ ಹಾಕಿದರೂ ಬೇಳೆ ಬೇಯುವುದಿಲ್ಲ, ಹುಳಿ ಪೆಕ್ಟಿನ್ನನ್ನು ಕರಗಗೊಡುವುದಿಲ್ಲ. ಬೇಳೆ ಬೆಂದ ಮೇಲೆ ಹುಣಸೆ.

ಬಾಳೂರು ಕಾಫಿ, ಮೂಡಿಗೆರೆ

ಹಾಗಾದರೆ ಕಾಫಿ ಬೀಜದ ಲೋಳೆಯೂ ಇಲ್ಲಿಗೇ ಬಂತು. ಪಲ್ಪರ್‌ನಲ್ಲಿ ಸಿಪ್ಪೆ ಹೋದ ಮೇಲೆ ಪಾರ್ಚ್‌ಮೆಂಟ್ (ಬೀಜದ ಗಟ್ಟಿ ಹೊರಪೊರೆ) ಮೇಲೆ ಉಳಿಯೋ ಲೋಳೆಯಲ್ಲಿ ಮುಖ್ಯವಾಗಿ ಇರೋದು ಪೆಕ್ಟಿನ್. ತೊಟ್ಟಿಯಲ್ಲಿ ಹುದುಗಿಸಿದಾಗ ಸೂಕ್ಷ್ಮಜೀವಿಗಳ ಕಿಣ್ವ, ಹಣ್ಣಿನದೇ ಕಿಣ್ವ ಎರಡೂ ಸೇರಿ ಅದನ್ನ ಒಡೆಯುತ್ತವೆ. ಅರೇಬಿಕಾಗೆ 24–36 ಗಂಟೆ, ರೊಬಸ್ಟಾಗೆ ಲೋಳೆ ದಪ್ಪ ಇರೋದರಿಂದ 72 ಗಂಟೆ ತನಕ. ಜನವರಿ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬೋದು ತಡವಾದ ದಿನ ತೊಟ್ಟಿಯೂ ತಡ. ಗಡಿಯಾರ ನಂಬಬೇಡಿ, ಕೈ ನಂಬಿ: ಒಂದು ಹಿಡಿ ತೊಳೆದು ಉಜ್ಜಿದರೆ ಜಾರಬಾರದು, ಮರಳುಕಲ್ಲಿನ ಹಾಗೆ ಗರಗರ ಅನ್ನಬೇಕು. ಅದರ ಮೇಲೆ ಬಿಟ್ಟರೆ ಹುಳಿ ವಾಸನೆ ಕುಡಿಯೋ ಕಾಫಿ ಲೋಟದ ತನಕ ಬರುತ್ತೆ.

ಪಲ್ಪರ್ ನೀರಿನ ಪಿಎಚ್ 4ರ ಆಸುಪಾಸು. ಹಾಗೇ ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತೆ, ಕಾನೂನೂ ಬಿಡಲ್ಲ. ಗುಂಡಿಯಲ್ಲಿ ನಿಲ್ಲಿಸಿ ಸುಣ್ಣದ ಹಾಲು ಹಾಕಿ 7ರ ಹತ್ತಿರ ತಂದು, ಆಮೇಲೆ ಗಾಳಿಯಿಲ್ಲದ ಗುಂಡಿಗೆ. ಸುಣ್ಣ ಹಾಕಿದಾಗ ಹತ್ತಿಯ ಹಾಗೆ ಹೆಪ್ಪುಗಟ್ಟಿ ತಳಕ್ಕಿಳಿಯೋದು ಏನು ಅಂತ ಈಗ ಗೊತ್ತಾಯ್ತು: ಅದೇ ಕ್ಯಾಲ್ಸಿಯಂ, ಅದೇ ಪೆಕ್ಟಿನ್. ಇಲ್ಲಿಗೆ ದಾಸವಾಳದ ನೀರೇ ಸರಿ. ಹಸಿರು ತಿರುಗಿದರೆ ಸುಣ್ಣ ಅತಿಯಾಯ್ತು, ಮುಂದಿನ ಗುಂಡಿಯಲ್ಲಿ ಗ್ಯಾಸ್ ಮಾಡೋ ಜೀವಿಗಳು ಮುಷ್ಕರ ಹೂಡುತ್ತವೆ.

ಪಾತ್ರೆ ಅಂಗಡಿ, ಚಿಕ್ಕಮಗಳೂರು

ಸುಣ್ಣದ ಜೊತೆ ನವಸಾಗರ (ಅಮೋನಿಯಂ ಕ್ಲೋರೈಡ್) ತಿಕ್ಕಿದರೆ ಮೂಗಿಗೆ ಹೊಡೆಯೋ ಗಾಳಿ ಬರುತ್ತೆ, ಹಿಂದೆ ತಲೆಸುತ್ತಿ ಬಿದ್ದವರಿಗೆ ಮೂಸಿಸ್ತಿದ್ದರು. ನಮ್ಮಲ್ಲಿ ನವಸಾಗರ ಇರೋದು ಕಲಾಯಿಗೆ. ಹಿತ್ತಾಳೆ ಪಾತ್ರೆ ಕಾಯಿಸಿ, ಹತ್ತಿಯಲ್ಲಿ ನವಸಾಗರ ತಿಕ್ಕಿದರೆ ಮೇಲಿನ ಆಕ್ಸೈಡ್ ಹೊಗೆಯಾಗಿ ಹೋಗುತ್ತೆ, ಕೂಡಲೇ ತವರದ ಕಡ್ಡಿ ಮುಟ್ಟಿಸಿ ಒರೆಸಿದರೆ ಹರಡಿಕೊಳ್ಳುತ್ತೆ. ತವರ 232 ಡಿಗ್ರಿಗೇ ಕರಗುತ್ತೆ. ಪಾತ್ರೆ ಕೆಂಪಗಾಗೋ ತನಕ ಕಾಯಿಸಿದರೆ ತವರವೂ ಸುಟ್ಟು ಕಪ್ಪಾಗುತ್ತೆ. ಸೀಸ ಬೆರೆತ ತವರ ಅಗ್ಗ, ಊಟದ ಪಾತ್ರೆಗೆ ವಿಷ.

ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಸಾರು ಇಟ್ಟರೆ ಕಿಲುಬು. ನೀವು ಅಡಿಕೆಗೆ ಹೊಡೆಯೋದೂ ತಾಮ್ರವೇ, ನಾವು ಹೊಟ್ಟೆಗೆ ಹೋಗದ ಹಾಗೆ ತಡೆಯೋದೂ ತಾಮ್ರವೇ.

ಕೊಪ್ಪದ ಅಡಿಕೆ

ಬೋರ್ಡೋ ಹುಟ್ಟಿದ್ದೂ ಹೊಟ್ಟೆಗೆ ಹೋಗದ ಹಾಗೆ ತಡೆಯೋಕೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳಬಾರದು ಅಂತ ರಸ್ತೆ ಪಕ್ಕದ ಬಳ್ಳಿಗೆ ಸುಣ್ಣ, ಮೈಲುತುತ್ತ ಎರಚ್ತಿದ್ದರು. ಆ ಸಾಲಿಗೆ ಮಾತ್ರ ಬೂಜು ರೋಗ ತಟ್ಟಿಲ್ಲ ಅನ್ನೋದನ್ನ ಮಿಲ್ಲಾರ್ಡೆ ಅನ್ನೋ ಸಸ್ಯಶಾಸ್ತ್ರಜ್ಞ ಗಮನಿಸಿ, 1885ರಲ್ಲಿ ಪಾಕವಿಧಾನ ಪ್ರಕಟಿಸಿದ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಅದನ್ನ ಅಡಿಕೆ ಕೊಳೆರೋಗಕ್ಕೆ ಹಚ್ಚಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಪ್ರಯೋಗ ಕೇಂದ್ರದ ಹಿಂದೆಯೂ ಅವರೇ.

ಬಾಳೂರು ಕಾಫಿ, ಮೂಡಿಗೆರೆ

ನವಸಾಗರದ ಮಾತು ಗೊಬ್ಬರ ಹಾಕೋರಿಗೆ ಬಹಳ ಮುಖ್ಯ. ಅಮೋನಿಯಂ ಸಲ್ಫೇಟ್, ಡಿಎಪಿ ಯಾವುದನ್ನೇ ಆಗಲಿ ಸುಣ್ಣದ ಜೊತೆ ಬೆರೆಸಿದರೆ ಅದೇ ಮೂಗಿಗೆ ಹೊಡೆಯೋ ಅಮೋನಿಯಾ. ಅಂದರೆ ಸಾರಜನಕ ಗಾಳಿಪಾಲು. ಸುಣ್ಣ ಹಾಕಿ ಕೆಲವು ವಾರ ಬಿಟ್ಟು ಗೊಬ್ಬರ ಹಾಕಬೇಕು. ಶಿಲಾರಂಜಕಕ್ಕೆ (ರಾಕ್ ಫಾಸ್ಫೇಟ್) ಮಣ್ಣಿನ ಹುಳಿಯೇ ಬೇಕು, ಅದನ್ನೂ ಸುಣ್ಣದ ಜೊತೆ ಹಾಕಬಾರದು.

ಗಾರೆಯವರ ನಿಂಬೆರಸಕ್ಕೆ ನೊರೆ ಬಂದ ಸತ್ತ ಸುಣ್ಣ ಇದೆಯಲ್ಲ, ಅದನ್ನ ಎಸೆಯಬೇಡಿ. ಬೋರ್ಡೋಗೆ ಬಾರದಿದ್ದರೂ ಮಣ್ಣಿಗೆ ಪೂರ್ತಿ ಬರುತ್ತೆ, ಕೃಷಿ ಸುಣ್ಣ ಅಂತ ಮಾರೋದೇ ಅದನ್ನ. ಹುಳಿ ಮುರಿಯೋ ಶಕ್ತಿಯಲ್ಲಿ 100 ಕೆ.ಜಿ ಕೃಷಿ ಸುಣ್ಣಕ್ಕೆ 74 ಕೆ.ಜಿ ಅರಳಿದ ಸುಣ್ಣ ಅಥವಾ 56 ಕೆ.ಜಿ ಸುಟ್ಟ ಸುಣ್ಣ ಸಮ. ಡಾಲೊಮೈಟ್ (ಮೆಗ್ನೀಸಿಯಂ ಬೆರೆತ ಸುಣ್ಣಕಲ್ಲು) ಆದರೆ ಸುಮಾರು 92. ಎಕರೆಗೆ ಎಷ್ಟು ಅನ್ನೋದನ್ನ ಮಣ್ಣು ಪರೀಕ್ಷೆ ಹೇಳಬೇಕು, ಪಕ್ಕದ ತೋಟದವರಲ್ಲ.

ಅರೇಬಿಕಾ ಕಾಂಡ ಕೊರೆಯೋ ಬಿಳಿ ಕಾಂಡಕೊರಕ ದುಂಬಿಗೆ ಶೇ. 10, ಅಂದರೆ 200 ಲೀಟರ್ ನೀರಿಗೆ 20 ಕೆ.ಜಿ ಸುಣ್ಣ, ಜೊತೆಗೆ ಸ್ವಲ್ಪ ಮರಗೆಲಸದ ಅಂಟು. ಮುಖ್ಯ ಕಾಂಡ, ದಪ್ಪ ರೆಂಬೆಗೆ ಮಾತ್ರ. ದುಂಬಿ ಹಾರೋದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್, ಅದಕ್ಕೆ ಮುಂಚೆಯೇ ಮುಗಿಸಬೇಕು. ಮೊಟ್ಟೆ ಇಡೋದು ತೊಗಟೆಯ ಬಿರುಕಿನಲ್ಲಿ, ಸುಣ್ಣ ಆ ಬಿರುಕು ಮುಚ್ಚುತ್ತೆ. ನೆರಳು ತೀರಾ ಕಮ್ಮಿ ಇರೋ ತೋಟದಲ್ಲಿ ಬರೀ ಸುಣ್ಣ ನಂಬಿದರೆ ಆಗಲ್ಲ.

ಅಡುಗೆಮನೆ, ಅರಸೀಕೆರೆ

ರಂಗೋಲಿ ಪುಡಿಗೂ ನಿಂಬೆರಸ ಬಿಟ್ಟು ನೋಡಿದೆ, ಒಂದಕ್ಕೆ ನೊರೆ ಬಂತು, ಇನ್ನೊಂದಕ್ಕೆ ಬರಲಿಲ್ಲ. ಹಳೇಬೀಡಿನ ಕಲ್ಲೂ ಸುಣ್ಣದ ಕಲ್ಲೇನಾ?

ಗಾರೆ ಕೆಲಸ, ಬೇಲೂರು

ಅಲ್ಲಮ್ಮಾ. ಅದು ಬಳಪದ ಕಲ್ಲು, ಹುಳಿಗೆ ಜಗ್ಗಲ್ಲ. ನೊರೆ ಬಂದ ರಂಗೋಲಿ ಸುಣ್ಣಕಲ್ಲಿನದು, ಬಾರದ್ದು ಬಳಪದ ಕಲ್ಲಿನದೋ ಬೆಣಚುಕಲ್ಲಿನದೋ. ದಯವಿಟ್ಟು ನಿಂಬೆಹಣ್ಣು ಹಿಡಿದು ಯಾರೂ ದೇವಸ್ಥಾನದ ಹತ್ತಿರ ಹೋಗಬೇಡಿ. ನಮ್ಮ ಬೇಲೂರಿನ 1117ರ ಚೆನ್ನಕೇಶವ ದೇವಸ್ಥಾನದ ಗೋಡೆಯಲ್ಲಿ ಕಲ್ಲಿಗೆ ಕಲ್ಲು ಕಚ್ಚಿಸಿದ್ದಾರೆ, ನಡುವೆ ಗಾರೆಯೇ ಇಲ್ಲ. ನಮ್ಮ ಕಸುಬಿಗೆ ಅಲ್ಲಿ ಕೆಲಸವಿಲ್ಲ.

ಕೊಪ್ಪದ ಅಡಿಕೆ

ಒಂದು ಉಳಿದಿದೆ. ಜೂನಿನಲ್ಲಿ ತಂದ ಚೀಲ ಆಗಸ್ಟಿನ ಎರಡನೇ ಔಷಧಿಗೆ ಜೀವ ಉಳಿಸಿಕೊಳ್ಳಬೇಕು. ಮಲೆನಾಡಿನ ಮಳೆಯಲ್ಲಿ ಗೋಡೌನಿನ ಗಾಳಿಯೇ ಅರ್ಧ ನೀರು.

ಗಾರೆ ಕೆಲಸ, ಬೇಲೂರು

ಚೀಲದಲ್ಲಿ ಇಡಲೇಬೇಡಿ. ತಂದ ವಾರದಲ್ಲೇ ಕಬ್ಬಿಣದ ತೊಟ್ಟಿಯಲ್ಲಿ ಅರಳಿಸಿ, ತಣಿದ ಮೇಲೆ ಸೋಸಿ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಮೇಲೆ ಗೇಣುದ್ದ ನೀರು ನಿಲ್ಲಿಸಿ ಮುಚ್ಚಳ ಹಾಕಿ. ನೀರಿನ ಮೇಲೆ ತೆಳು ಗಾಜಿನಂಥ ಪೊರೆ ಕಟ್ಟುತ್ತೆ, ಅಷ್ಟು ಮಾತ್ರ ಸತ್ತಿದ್ದು, ಅದನ್ನ ಒಡೆಯದೆ ಬಿಡಿ. ಕೆಳಗಿನ ಬೆಣ್ಣೆಸುಣ್ಣ ವರ್ಷ ಕಳೆದರೂ ಕೆಡಲ್ಲ. ಅರ್ಧದಷ್ಟು ತೂಕ ನೀರೇ ಇರೋದರಿಂದ ಅಳತೆಗೆ ಎರಡರಷ್ಟು ತಗೊಂಡು, ಕತ್ತಿ ಮತ್ತು ಅರಿಶಿನದ ಬಟ್ಟೆ ಎರಡರಲ್ಲೂ ನೋಡಿ. ಡ್ರಮ್ ಹತ್ತಿರ ಮಕ್ಕಳನ್ನ ಬಿಡಬೇಡಿ. ಕಣ್ಣಿಗೆ ಸಿಡಿದರೆ ತಕ್ಷಣ ರೆಪ್ಪೆ ಬಿಡಿಸಿ ಹದಿನೈದು ಇಪ್ಪತ್ತು ನಿಮಿಷ ಹರಿಯೋ ನೀರಲ್ಲಿ ತೊಳೆದು, ನೇರ ಕಣ್ಣಾಸ್ಪತ್ರೆಗೆ. ನಿಂಬೆರಸ ಗಿಂಬೆರಸ ಹಾಕಿ ಹುಳಿ-ಕ್ಷಾರದ ಲೆಕ್ಕ ಅಲ್ಲಿ ಮಾಡಬೇಡಿ.